ಕಾಡಿನ ಮಾತಿಗೆ ವೇದಿಕೆ ಎಲ್ಲಿ?

ಹುಲಿ ಹಿಡಿಯಲೆಂದು ತಂದಿಟ್ಟ ಬೋನಿನೊಳಗೆ ಅರಣ್ಯ ಇಲಾಖೆಯ ಸಿಬ್ಬಂದಿಯನ್ನೇ ಕೂಡಿಹಾಕಿದ ಘಟನೆ 2025ರ ಸೆಪ್ಟೆಂಬರ್ 9ರಂದು ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದಲ್ಲಿ ನಡೆಯಿತು. ಹುಲಿ ಊರ ಸುತ್ತ ಓಡಾಡುತ್ತಿದೆ, ದನ ಹಿಡಿಯುತ್ತಿದೆ, ಎಷ್ಟು ಸಲ ಹೇಳಿದರೂ ಕೇಳುವವರಿಲ್ಲ ಎಂಬುದು ಊರವರ ಸಿಟ್ಟು. ಆ ಸಿಟ್ಟು ಸುಳ್ಳಲ್ಲ. ಆದರೆ ಬೋನಿನ ಸರಳುಗಳ ಹಿಂದೆ ನಿಂತವರು ವಿಧಾನಸೌಧದಲ್ಲಿ ಕಡತಕ್ಕೆ ಸಹಿ ಹಾಕುವವರಾಗಿರಲಿಲ್ಲ. ಅದೇ ಸೀಮೆಯಲ್ಲಿ ಹಗಲು ರಾತ್ರಿ ತಿರುಗುವ ಕೆಳಹಂತದ ನೌಕರರಾಗಿದ್ದರು.

ಅದಕ್ಕೂ ಎರಡೂವರೆ ತಿಂಗಳು ಮೊದಲು, ಜೂನ್ 26ರಂದು, ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದಿದ್ದ ಹಸುವಿನ ಕಳೇಬರಕ್ಕೆ ವಿಷ ಬೆರೆಸಲಾಗಿತ್ತು. ಆ ಬೆಟ್ಟದ ದೇವರು ಹುಲಿಯ ಮೇಲೆ ಕೂತು ಬರುವ ಮಾದಪ್ಪ. ಮುಂದೆ ಸರಗೂರು ತಾಲ್ಲೂಕಿನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದರು. ನವೆಂಬರ್ 7ರಂದು ಬಂಡೀಪುರ ಮತ್ತು ನಾಗರಹೊಳೆಯ ಸಫಾರಿಯನ್ನು ಸರ್ಕಾರ ನಿಲ್ಲಿಸಿತು. ಐದು ತಿಂಗಳೊಳಗೆ ಒಂದೇ ಸೀಮೆಯಲ್ಲಿ ಇಷ್ಟೆಲ್ಲ ನಡೆದುಹೋಯಿತು.

ಪ್ರತಿ ಘಟನೆಯ ನಂತರವೂ ಚರ್ಚೆ ನಡೆದದ್ದು ಬೋನು, ಕೂಂಬಿಂಗ್, ಸಾಕಾನೆ, ಅರವಳಿಕೆ ಮದ್ದು, ಪರಿಹಾರದ ಮೊತ್ತ, ಅಮಾನತು ಇವುಗಳ ಬಗ್ಗೆ. ಇವೆಲ್ಲ ಬೇಕಾದವೇ. ಆದರೆ ಯಾರೂ ಕೇಳದ ಒಂದು ಪ್ರಶ್ನೆ ಇದೆ. ಈ ಊರುಗಳಿಗೆ ಕಳೆದ ಹತ್ತು ವರ್ಷಗಳಲ್ಲಿ ಹುಲಿಯ ಬಗ್ಗೆ ಬಲ್ಲವರೊಬ್ಬರು ಬಂದು, ಜನರ ಎದುರು ನಿಂತು, ಒಂದು ಸಂಜೆ ಮಾತನಾಡಿದ್ದು ಎಷ್ಟು ಸಲ? ಮಾತು ಮುಗಿದ ಮೇಲೆ ಜನ ಎದ್ದು ನಿಂತು ಪ್ರಶ್ನೆ ಕೇಳಿದ್ದು, ಬೈದದ್ದು, ಉತ್ತರ ಪಡೆದದ್ದು ಎಷ್ಟು ಸಲ? ಕಾಡಂಚಿನ ಬಹುಪಾಲು ಊರುಗಳಲ್ಲಿ ಇದಕ್ಕೆ ಸಿಗುವ ಉತ್ತರ ನಾಡಿಗೆ ಗೌರವ ತರುವಂಥದ್ದಲ್ಲ. ಕರ್ನಾಟಕದ ಸಾರ್ವಜನಿಕ ಬದುಕಿನಿಂದ ನಿಸರ್ಗ ತಜ್ಞನ ವೇದಿಕೆ ಕಣ್ಮರೆಯಾಗುತ್ತಿದೆ. ಅದರ ಬೆಲೆಯನ್ನು ರೈತರೂ ತೆರುತ್ತಿದ್ದಾರೆ, ಪ್ರಾಣಿಗಳೂ ತೆರುತ್ತಿವೆ.

ಈ ವೇದಿಕೆ ನಮ್ಮಲ್ಲಿ ಇರಲೇ ಇಲ್ಲ ಎಂದಲ್ಲ. ಸ್ವತಂತ್ರ ಭಾರತದ ವನ್ಯಜೀವಿ ಮಂಡಳಿ ತನ್ನ ಮೊದಲ ಸಭೆ ಸೇರಿದ್ದು 1952ರಲ್ಲಿ, ಮೈಸೂರಿನಲ್ಲಿ, ಜಯಚಾಮರಾಜ ಒಡೆಯರ ಅಧ್ಯಕ್ಷತೆಯಲ್ಲಿ. ರಂಗನತಿಟ್ಟು ಪಕ್ಷಿಧಾಮವಾದದ್ದು 1940ರಲ್ಲಿ, ಸಲೀಂ ಅಲಿ ಅವರ ಮಾತಿಗೆ ಅರಮನೆ ಕಿವಿಗೊಟ್ಟದ್ದರಿಂದ. ಶಿವರಾಮ ಕಾರಂತರು ಕಾದಂಬರಿಗಳ ಜೊತೆಜೊತೆಗೇ ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನೂ ದೊಡ್ಡವರಿಗಾಗಿ ‘ವಿಜ್ಞಾನ ಪ್ರಪಂಚ’ವನ್ನೂ ಕಟ್ಟಿದರು, ಊರೂರು ತಿರುಗಿ ಮಾತನಾಡಿದರು, ಇಳಿವಯಸ್ಸಿನಲ್ಲಿ ಕೈಗಾ ಅಣುಸ್ಥಾವರ ವಿರೋಧಿಸಿ 1989ರ ಲೋಕಸಭಾ ಚುನಾವಣೆಗೂ ನಿಂತರು. ಸಸ್ಯಶಾಸ್ತ್ರದ ಪ್ರಾಧ್ಯಾಪಕ ಬಿ.ಜಿ.ಎಲ್. ಸ್ವಾಮಿ ಕಾಡಿನ ಗಿಡಮರಗಳ ಬಗ್ಗೆ ಬರೆದ ‘ಹಸಿರು ಹೊನ್ನು’ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಮೂಡಿಗೆರೆಯಲ್ಲಿ ಕೂತ ಪೂರ್ಣಚಂದ್ರ ತೇಜಸ್ವಿ ಒಂದು ತಲೆಮಾರಿನ ಕನ್ನಡಿಗರ ಕೈಗೆ ಬೈನಾಕ್ಯುಲರ್ ಕೊಟ್ಟರು. ಎಚ್. ನರಸಿಂಹಯ್ಯನವರು 1962ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಹುಟ್ಟುಹಾಕಿದ ಬೆಂಗಳೂರು ಸೈನ್ಸ್ ಫೋರಂ, ವಿಜ್ಞಾನಿಯನ್ನು ವಾರವಾರವೂ ಸಾಮಾನ್ಯ ಕೇಳುಗರ ಎದುರು ತಂದು ನಿಲ್ಲಿಸಿತು. ಬಾಗಿಲು ಎಲ್ಲರಿಗೂ ತೆರೆದಿತ್ತು.

ಸ್ಲೈಡ್ ಷೋ ಕಾಲವನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದ ಶಾಲೆಯ ಸಭಾಂಗಣ, ಗೋಡೆಗೆ ತೂಗುಬಿಟ್ಟ ಬಿಳಿ ಪಂಚೆ, ‘ಖಟ್’ ಎಂದು ಒಂದೊಂದೇ ಚಿತ್ರವನ್ನು ಮುಂದೆ ದೂಡುವ ಪ್ರೊಜೆಕ್ಟರ್. ಟಿ.ಎನ್.ಎ. ಪೆರುಮಾಳ್, ಎಂ.ವೈ. ಘೋರ್ಪಡೆಯಂಥವರು ವನ್ಯಜೀವಿ ಛಾಯಾಗ್ರಹಣಕ್ಕೆ ಹೆಸರು ತಂದ ದಿನಗಳವು. ಒಂದು ಚಿತ್ರ ಪರದೆಯ ಮೇಲೆ ಎರಡು ಮೂರು ನಿಮಿಷ ನಿಲ್ಲುತ್ತಿತ್ತು. ಅಷ್ಟು ಹೊತ್ತು ಮಾತು ಅದರ ಸುತ್ತ ಸುತ್ತುತ್ತಿತ್ತು: ಈ ಹಕ್ಕಿ ಎಲ್ಲಿ ಗೂಡು ಕಟ್ಟಿತು, ಎಷ್ಟು ದಿನ ಕಾವು ಕೂತಿತು, ಮರಿಗೆ ಏನು ತಂದು ತಿನ್ನಿಸಿತು. ಮಕ್ಕಳು ಮನೆಗೆ ಹೊತ್ತು ಒಯ್ಯುತ್ತಿದ್ದದ್ದು ಚಿತ್ರಕ್ಕಿಂತ ಹೆಚ್ಚಾಗಿ ಆ ಮಾತನ್ನು.

ಕೆ.ಎಂ. ಚಿಣ್ಣಪ್ಪನವರನ್ನು ಇಲ್ಲಿ ನೆನೆಯಲೇಬೇಕು. ನಾಗರಹೊಳೆಯ ವಲಯ ಅರಣ್ಯಾಧಿಕಾರಿಯಾಗಿ ಬೇಟೆಗಾರರನ್ನೂ ಮರಗಳ್ಳರನ್ನೂ ಎದುರು ಹಾಕಿಕೊಂಡವರು, ಅದಕ್ಕಾಗಿ ಜೈಲನ್ನೂ ಕಂಡವರು. 1992ರಲ್ಲಿ ಉದ್ರಿಕ್ತ ಗುಂಪು ಆ ಕಾಡಿಗೆ ಬೆಂಕಿ ಇಟ್ಟಿತು. ನೌಕರಿ ಬಿಟ್ಟು ಹೊರಬಂದ ಮನುಷ್ಯ ಕಹಿ ತುಂಬಿಕೊಂಡು ಮನೆಯಲ್ಲಿ ಕೂರಬಹುದಿತ್ತು. ಅವರು ಶಾಲಾ ಮಕ್ಕಳ ಮುಂದೆ ಹೋಗಿ ನಿಂತರು. ವರ್ಷಾನುಗಟ್ಟಲೆ ಕಾಡಿನ ಶಿಬಿರಗಳಲ್ಲಿ, ಶಾಲೆಯ ಅಂಗಳಗಳಲ್ಲಿ, ಕೈಯಲ್ಲಿ ಚೀಟಿ ಇಲ್ಲದೆ ಮಾತನಾಡಿದರು. ಕಾಡಿಗೆ ಬೆಂಕಿ ಇಟ್ಟವರ ನಾಡಿನ ಮಕ್ಕಳನ್ನೇ ಕಾಡಿನ ಕಡೆಗೆ ತಿರುಗಿಸಬೇಕು ಎಂದು ನಂಬಿದವರು 2024ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅವರ ಜಾಗದಲ್ಲಿ ಈಗ ಯಾರು ನಿಂತಿದ್ದಾರೆ?

ಮೊಬೈಲ್ ನಿಂತಿದೆ. ಅರ್ಧ ನಿಮಿಷದ ರೀಲ್ಸ್ ನಿಂತಿದೆ. ಹುಲಿ ರಸ್ತೆ ದಾಟುವುದನ್ನು, ಆನೆ ಕಾರಿನ ಬೆನ್ನು ಹತ್ತುವುದನ್ನು, ಚಿರತೆ ನಾಯಿಯನ್ನು ಕಚ್ಚಿ ಎಳೆಯುವುದನ್ನು ದಿನಕ್ಕೆ ಹತ್ತು ಸಲ ನೋಡುವ ಜನ, ಹುಲಿಯ ಬಗ್ಗೆ ಅವರ ಅಜ್ಜಂದಿರಿಗೆ ತಿಳಿದಿದ್ದಕ್ಕಿಂತ ಕಡಿಮೆ ತಿಳಿದವರಾಗಿದ್ದಾರೆ. ಈಗ ಕೃತಕ ಬುದ್ಧಿಮತ್ತೆಯಿಂದ ತಯಾರಾದ ಸುಳ್ಳು ಹುಲಿ, ಸುಳ್ಳು ಚಿರತೆಗಳೂ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿವೆ. ನೋಡಿದವರಿಗೆ ಭಯ ಹುಟ್ಟುತ್ತದೆ, ಅಥವಾ ರೋಮಾಂಚನ. ತಿಳಿವಳಿಕೆ ಮಾತ್ರ ಹುಟ್ಟುವುದಿಲ್ಲ. ಪ್ರಶ್ನೆ ಕೇಳಿದರೆ ರೀಲ್ಸ್ ಉತ್ತರ ಕೊಡುವುದಿಲ್ಲ. ವೇದಿಕೆಯ ಮೇಲೆ ನಿಂತ ಮನುಷ್ಯ ಕೊಡಲೇಬೇಕು. ಇಡೀ ವ್ಯತ್ಯಾಸ ಇರುವುದು ಅಲ್ಲೇ.

ಒಂದು ಒಳ್ಳೆಯ ಉಪನ್ಯಾಸದ ಜೀವ ಇರುವುದು ಅದರ ಕೊನೆಯ ಅರ್ಧ ಗಂಟೆಯಲ್ಲಿ. ಹಿಂದಿನ ಸಾಲಿನಿಂದ ಒಬ್ಬ ರೈತ ಏಳುತ್ತಾನೆ. “ಕಾಡಲ್ಲಿ ಜಿಂಕೆ ಇಲ್ವಾ ಸ್ವಾಮಿ, ನಮ್ಮ ಹಸಾನೇ ಯಾಕ್ ಹಿಡೀತದೆ?” ಬಲ್ಲವನಾದರೆ ಹೀಗೆ ಹೇಳುತ್ತಾನೆ: ಒಂದು ಹುಲಿಗೆ ವಾರಕ್ಕೊಂದರಂತೆ ವರ್ಷಕ್ಕೆ ಸುಮಾರು ಐವತ್ತು ದೊಡ್ಡ ಪ್ರಾಣಿಗಳು ಬೇಕು. ಅಷ್ಟು ಸಿಗಬೇಕಾದರೆ ಅದರ ಸುತ್ತ ಐನೂರರಷ್ಟು ಜಿಂಕೆ, ಕಡವೆ, ಕಾಟಿ ಇರಬೇಕು. ಒಳ್ಳೆಯ ಕಾಡೆಲ್ಲ ಬಲಿಷ್ಠ ಹುಲಿಗಳ ವಶದಲ್ಲಿರುತ್ತದೆ. ತಾಯಿಯನ್ನು ಬಿಟ್ಟ ಎರಡು ವರ್ಷದ ಮರಿಗೂ ಅಲ್ಲಿ ಜಾಗವಿಲ್ಲ, ಕಾದಾಟದಲ್ಲಿ ಸೋತ ಮುದಿ ಹುಲಿಗೂ ಜಾಗವಿಲ್ಲ. ಅಂಥವು ಕಾಡಂಚಿಗೆ ಬರುತ್ತವೆ. ಅಲ್ಲಿ ಕಬ್ಬಿನ ಗದ್ದೆ ಮರೆ ಕೊಡುತ್ತದೆ, ಕಟ್ಟದೆ ಬಿಟ್ಟ ದನ ಸುಲಭದ ತುತ್ತಾಗುತ್ತದೆ. ಇಷ್ಟು ಕೇಳಿದ ರೈತನ ನಷ್ಟ ಕಡಿಮೆಯಾಗುವುದಿಲ್ಲ, ನಿಜ. ಆದರೆ ‘ಇಲಾಖೆಯವರೇ ಹುಲಿ ತಂದು ಬಿಟ್ಟಿದ್ದಾರೆ’ ಎಂಬ ಮಾತು ಅವನ ಕಿವಿಗೆ ಬಿದ್ದಾಗ ಆತ ಒಂದು ಕ್ಷಣ ಯೋಚಿಸುತ್ತಾನೆ. ಸಂಜೆಗತ್ತಲಲ್ಲಿ ಕಬ್ಬಿನ ಬದುವಿನ ಮೇಲೆ ಒಬ್ಬನೇ ಬಗ್ಗಿ ಕೂರುವ ಮೊದಲು ಇನ್ನೊಂದು ಸಲ ಯೋಚಿಸುತ್ತಾನೆ. ಅಂಥ ಒಂದು ಯೋಚನೆಯೇ ಜೀವ ಉಳಿಸಬಹುದು.

ಹಾವಿನ ವಿಷಯದಲ್ಲಂತೂ ಇದು ಇನ್ನೂ ಸ್ಪಷ್ಟ. ಭಾರತದಲ್ಲಿ ವರ್ಷಕ್ಕೆ ಸರಾಸರಿ 58 ಸಾವಿರ ಮಂದಿ ಹಾವು ಕಚ್ಚಿ ಸಾಯುತ್ತಾರೆ ಎಂಬುದು 2000ದಿಂದ 2019ರವರೆಗಿನ ಅಂಕಿಗಳ ಅಧ್ಯಯನ ಹೇಳುವ ಮಾತು. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ, ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ಒಳ್ಳೆಯ ಹೆಜ್ಜೆ. ಆದರೆ ಆಸ್ಪತ್ರೆಯ ಬಾಗಿಲಿಗೆ ಬರುವ ಮುಂಚೆಯೇ ಅರ್ಧ ವಿಧಿ ಬರೆದುಹೋಗಿರುತ್ತದೆ. ಕಟ್ಟಹಾವು ಕಚ್ಚುವುದು ರಾತ್ರಿ, ನೆಲದ ಮೇಲೆ ಮಲಗಿದವರನ್ನು. ನೋವು ಇರುವುದೇ ಇಲ್ಲ ಎನ್ನಬಹುದು, ಗುರುತೂ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವು ಶುರುವಾಗುತ್ತದೆ, ಕಣ್ಣರೆಪ್ಪೆ ಜೋತು ಬೀಳುತ್ತದೆ, ಉಸಿರು ಕಟ್ಟುತ್ತದೆ. ಮನೆಯವರು ಅಜೀರ್ಣವೆಂದು ಕಷಾಯ ಕಾಯಿಸುತ್ತಾರೆ. ಮಂಚದ ಮೇಲೆ ಮಲಗಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿಕೊಂಡರೆ ಈ ಅಪಾಯವನ್ನು ಬಹುಮಟ್ಟಿಗೆ ತಪ್ಪಿಸಬಹುದು. ಕಚ್ಚಿದ ಜಾಗವನ್ನು ಕೊಯ್ಯಬಾರದು, ಬಾಯಲ್ಲಿ ಹೀರಬಾರದು, ಹಗ್ಗ ಬಿಗಿದು ರಕ್ತ ನಿಲ್ಲಿಸಬಾರದು, ಕೈಕಾಲು ಆದಷ್ಟು ಆಡಿಸದೆ ಪ್ರತಿವಿಷ ಇರುವ ಆಸ್ಪತ್ರೆಗೆ ಓಡಬೇಕು. ಇದನ್ನೆಲ್ಲ ಹೇಳಲು ಹತ್ತು ನಿಮಿಷ ಸಾಕು. ಹಳ್ಳಿಯ ಹಾಲಿನ ಡೇರಿಯ ಮುಂದೆ ನಿಂತೇ ಹೇಳಬಹುದು.

ಅದರ ಬದಲು ನಮ್ಮ ಮಕ್ಕಳು ನೋಡುತ್ತಿರುವುದೇನು? ನಾಗರಹಾವಿನ ಹೆಡೆಗೆ ಮುತ್ತಿಡುವ ಯುವಕ. ಹಿಡಿದ ಹಾವನ್ನು ಜನರ ನಡುವೆ ತೂಗಾಡಿಸಿ, ಕತ್ತಿಗೆ ಸುತ್ತಿಕೊಂಡು ವಿಡಿಯೊ ಮಾಡಿಸಿಕೊಳ್ಳುವ ‘ರಕ್ಷಕ’. ಅನುಮತಿ ಇಲ್ಲದೆ ಹೀಗೆ ಹಾವು ಪ್ರದರ್ಶಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಹಾಗಿದ್ದೂ ಶಾಲಾ ಕಾರ್ಯಕ್ರಮಗಳಿಗೇ ಅಂಥವರನ್ನು ಕರೆಸುವ ರೂಢಿ ಅಲ್ಲಲ್ಲಿ ಬೆಳೆದಿದೆ. ಸದ್ದಿಲ್ಲದೆ ಹಾವು ಹಿಡಿದು, ಚೀಲದಲ್ಲಿ ಹಾಕಿ, ಹತ್ತಿರದ ಕಾಡಂಚಿಗೆ ಬಿಟ್ಟು ಬರುವ ಪ್ರಾಮಾಣಿಕರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಅವರನ್ನು ವೇದಿಕೆಗೆ ಯಾರೂ ಕರೆಯುವುದಿಲ್ಲ, ಏಕೆಂದರೆ ಅವರ ಕೆಲಸದಲ್ಲಿ ನೋಡುವಂಥದ್ದು ಏನೂ ಇಲ್ಲ. ಹಾವಿಗೂ ನೋಡುವವರಿಗೂ ಅಪಾಯ ತರುವವನು ತಜ್ಞನೆನಿಸಿಕೊಂಡ, ಹಾವನ್ನು ಬಲ್ಲವನು ಮೂಲೆಗೆ ಸರಿದ. ನಾವು ಅವನತಿ ಎನ್ನುವುದು ಇದನ್ನೇ.

ಕಾನೂನಿನ ವಿಷಯಕ್ಕೆ ಬಂದರೆ 2023ರ ಅಕ್ಟೋಬರ್ ನೆನಪಾಗಬೇಕು. ಟಿ.ವಿ. ರಿಯಾಲಿಟಿ ಷೋ ಒಂದರ ಸ್ಪರ್ಧಿಯ ಕೊರಳಲ್ಲಿ ಹುಲಿ ಉಗುರಿನ ಪದಕ ಕಂಡು ಅರಣ್ಯ ಇಲಾಖೆ ಬಂಧಿಸಿದಾಗ ಇಡೀ ರಾಜ್ಯ ಬೆಚ್ಚಿತು. ಮುಂದಿನ ದಿನಗಳಲ್ಲಿ ಒಬ್ಬೊಬ್ಬರದೇ ಹಳೆಯ ಫೋಟೊ ಹೊರಬಂದು ದೂರುಗಳ ಮೇಲೆ ದೂರು ದಾಖಲಾದವು. ಕಾಯ್ದೆ ಬಂದು 51 ವರ್ಷವಾಗಿತ್ತು. ‘ಇದು ಅಪರಾಧವೆಂದು ಗೊತ್ತೇ ಇರಲಿಲ್ಲ’ ಎಂದು ಓದು ಬಲ್ಲವರೂ ಹೇಳಿದರು. ಅವರಲ್ಲಿ ಹಲವರು ಸತ್ಯವನ್ನೇ ಹೇಳಿರಬಹುದು, ಮತ್ತು ಅದೇ ಆತಂಕದ ಸಂಗತಿ. ಅರ್ಧ ಶತಮಾನದಿಂದ ಜಾರಿಯಲ್ಲಿರುವ ಕಾನೂನು ಟಿ.ವಿ. ಕಾರ್ಯಕ್ರಮದ ದೆಸೆಯಿಂದ ಜನರಿಗೆ ಪರಿಚಯವಾಗಬೇಕಾಯಿತು.

ಈಗ ವನ್ಯಜೀವಿ ಸಪ್ತಾಹವನ್ನು ನೋಡೋಣ. ಪ್ರತಿ ವರ್ಷ ಅಕ್ಟೋಬರ್ 2ರಿಂದ 8ರವರೆಗೆ ಸರ್ಕಾರವೇ ಇದಕ್ಕೆ ದಿನ ಗೊತ್ತುಮಾಡಿದೆ, ಹಣವನ್ನೂ ಕೊಡುತ್ತದೆ. ಕಾಡಿನ ಮಾತಿಗೆಂದೇ ಮೀಸಲಾದ ವಾರವದು. ಜಿಲ್ಲಾ ಕೇಂದ್ರಗಳಲ್ಲಿ ಆ ವಾರ ನಡೆಯುವ ಕಾರ್ಯಕ್ರಮಗಳ ಆಮಂತ್ರಣ ಪತ್ರಿಕೆಗಳನ್ನು ಓದಿದರೆ ಸಾಕು. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು, ಗೌರವ ಉಪಸ್ಥಿತಿ. ಹೆಸರುಗಳು ಪುಟ ತುಂಬುತ್ತವೆ. ಕಾಡನ್ನು ಬಲ್ಲ ಒಬ್ಬ ವ್ಯಕ್ತಿಯ ಹೆಸರು ‘ಉಪನ್ಯಾಸ’ ಎಂಬ ಪದದ ಮುಂದೆ ಕೆಳಗೆಲ್ಲೋ ಇರುತ್ತದೆ, ಇದ್ದರೆ. ಸ್ವಾಗತ, ಹಾರ, ಸಸಿಗೆ ನೀರೆರೆಯುವುದು, ಜಾಥಾ, ಬಹುಮಾನ ವಿತರಣೆ ಎಲ್ಲ ಮುಗಿದು ಅವರಿಗೆ ಮೈಕು ಸಿಗುವ ಹೊತ್ತಿಗೆ ಅತಿಥಿಗಳು ಇನ್ನೊಂದು ಕಾರ್ಯಕ್ರಮಕ್ಕೆ ಹೊರಟಿರುತ್ತಾರೆ, ಮಕ್ಕಳಿಗೆ ಹಸಿವಾಗಿರುತ್ತದೆ, ‘ಹತ್ತು ನಿಮಿಷದಲ್ಲಿ ಮುಗಿಸಿ ಸರ್’ ಎಂಬ ಚೀಟಿ ಬಂದಿರುತ್ತದೆ. ಕಾಡಿನಲ್ಲಿ ಮೂವತ್ತು ವರ್ಷ ಕಳೆದವರಿಗೆ ನಾವು ಕೊಡುವ ಸಮಯ ಇಷ್ಟು.

ಒಳ್ಳೆಯ ಉಪನ್ಯಾಸಗಳು ನಡೆಯುತ್ತಲೇ ಇಲ್ಲವೇ? ನಡೆಯುತ್ತಿವೆ. ಬೆಂಗಳೂರಿನ ಹವಾನಿಯಂತ್ರಿತ ಸಭಾಂಗಣಗಳಲ್ಲಿ, ಇಂಗ್ಲಿಷಿನಲ್ಲಿ, ಕೆಲವೊಮ್ಮೆ ಟಿಕೆಟ್ ಇಟ್ಟು. ರೆಸಾರ್ಟುಗಳಲ್ಲಿ ಸಫಾರಿಗೆ ಬಂದವರಿಗೆಂದು ಸಂಜೆಯ ಹೊತ್ತು. ಅಲ್ಲಿ ಕೂತ ಕೇಳುಗರಿಗೆ ಹುಲಿ ಒಂದು ಪ್ರೀತಿಯ ವಿಷಯ. ಅವರ ಪ್ರೀತಿಯನ್ನು ನಾವು ಕಡೆಗಣಿಸುವುದಿಲ್ಲ, ನಾಡಿನ ಸಂರಕ್ಷಣೆಗೆ ಅದರಿಂದ ಹಣವೂ ಬಂದಿದೆ, ಬೆಂಬಲವೂ ಬಂದಿದೆ. ಆದರೆ ಹುಲಿಯ ಜೊತೆ ದಿನಾ ಬದುಕುವವನು ಆ ಸಭಾಂಗಣದಲ್ಲಿ ಇಲ್ಲ. ಬಂಡೀಪುರದ ಹುಲಿಗಳ ಬಗ್ಗೆ ಬೆಂಗಳೂರಿಗೂ ಬ್ರಿಟನ್ನಿಗೂ ಗೊತ್ತಿರುವುದು ಬೊಮ್ಮಲಾಪುರಕ್ಕೆ ಗೊತ್ತಿಲ್ಲ. ಕ್ಯಾಮೆರಾ ಟ್ರ್ಯಾಪ್ ತೆಗೆದ ಲಕ್ಷಗಟ್ಟಲೆ ಚಿತ್ರಗಳ ಮೇಲೆ ಪ್ರಬಂಧಗಳು ಪ್ರಕಟವಾದವು. ಆ ಕ್ಯಾಮೆರಾ ಕಟ್ಟಿದ ಮರದಿಂದ ಕೂಗಳತೆಯಲ್ಲಿ ಇರುವ ಊರಿಗೆ ಅದರಲ್ಲಿ ಏನು ಕಂಡಿತೆಂದು ಹೇಳಿದವರು ವಿರಳ.

ಅರಿವಿಲ್ಲದ ಕಡೆ ಗುಂಪು ಸೇರುತ್ತದೆ. 2016ರ ಫೆಬ್ರುವರಿ 7ರಂದು ಬೆಂಗಳೂರಿನ ಶಾಲೆಯೊಂದಕ್ಕೆ ಚಿರತೆ ನುಗ್ಗಿದಾಗ ಅದನ್ನು ನೋಡಲು ಸೇರಿದ ಜನಸಾಗರವನ್ನು ಟಿ.ವಿ.ಯಲ್ಲಿ ಇಡೀ ದೇಶ ಕಂಡಿತು. ಅಂದು ಕಾರ್ಯಾಚರಣೆಯಲ್ಲಿದ್ದ ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಚಿರತೆಯ ಬಾಯಿಗೆ ಸಿಕ್ಕಿ ತೀವ್ರವಾಗಿ ಗಾಯಗೊಂಡರು. ದಾರಿ ತಪ್ಪಿ ಬಂದ ಚಿರತೆಗೆ ಬೇಕಾದದ್ದು ಕತ್ತಲು, ನಿಶ್ಶಬ್ದ ಮತ್ತು ಹೊರಹೋಗಲು ಒಂದು ದಾರಿ. ಸುತ್ತ ಸಾವಿರ ಜನ ಕೂಗುತ್ತಿದ್ದರೆ ಅದು ಮೈಮೇಲೆ ಎರಗದೆ ಇನ್ನೇನು ಮಾಡೀತು? 2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಆನೆಯ ಹತ್ತಿರ ಸೆಲ್ಫಿಗೆಂದು ಹೋದ ಪ್ರವಾಸಿಯೊಬ್ಬರು ಅದರ ಕಾಲಡಿ ಬಿದ್ದು ಕೂದಲೆಳೆಯಲ್ಲಿ ಬದುಕಿದರು. ಇಲಾಖೆ 25 ಸಾವಿರ ರೂಪಾಯಿ ದಂಡ ಹಾಕಿತು. ಆ ವಿಡಿಯೊ ಲಕ್ಷಾಂತರ ಮೊಬೈಲುಗಳನ್ನು ತಲುಪಿತು. ಆನೆ ಕಿವಿ ಅಗಲಿಸಿದರೆ, ಸೊಂಡಿಲು ಸುರುಳಿ ಸುತ್ತಿದರೆ ಏನರ್ಥ, ಎಷ್ಟು ದೂರ ನಿಲ್ಲಬೇಕು ಎಂಬ ಎರಡು ಮಾತು ಅದರ ಜೊತೆಗೆ ತಲುಪಲಿಲ್ಲ. ದೇಶದಲ್ಲೇ ಅತಿ ಹೆಚ್ಚು ಆನೆಗಳಿರುವ ರಾಜ್ಯ ನಮ್ಮದು. 2022ರ ಅಂದಾಜಿನಲ್ಲಿ 563 ಹುಲಿಗಳೊಂದಿಗೆ ನಾವು ಮಧ್ಯಪ್ರದೇಶದ ನಂತರ ಎರಡನೆಯವರು. ಈ ಅಂಕಿಗಳನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ನಾಡಿಗೆ ಆ ಪ್ರಾಣಿಗಳ ಜೊತೆ ಬಾಳುವ ತಿಳಿವಳಿಕೆಯನ್ನು ಜನರಿಗೆ ಕೊಡುವ ಹೊಣೆಯೂ ಇರಬೇಕು.

ಪಶ್ಚಿಮ ಘಟ್ಟದ ವರದಿಗಳಿಗೆ ಒದಗಿದ ಗತಿಯನ್ನು ನೋಡಿ. ಮಾಧವ ಗಾಡ್ಗೀಳರ ಸಮಿತಿ 2011ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಸ್ಥಳೀಯ ಭಾಷೆಗಳಿಗೆ ಅನುವಾದಿಸಿ ಗ್ರಾಮಸಭೆಗಳ ಮುಂದಿಡಬೇಕೆಂದು ಗಾಡ್ಗೀಳರು ಬಾರಿ ಬಾರಿಗೂ ಒತ್ತಾಯಿಸಿದರು. ಕೇಂದ್ರ ಸರ್ಕಾರ ಅದನ್ನು ಬಚ್ಚಿಟ್ಟುಕೊಂಡು, ಮಾಹಿತಿ ಹಕ್ಕಿನ ಹೋರಾಟ ನಡೆದ ಮೇಲೆ 2012ರಲ್ಲಿ ಬಹಿರಂಗಪಡಿಸಿತು. ಅಷ್ಟರಲ್ಲಿ ಮಲೆನಾಡಿನ ಮನೆಮನೆಗೆ ತಲುಪಿದ್ದು ‘ಒಕ್ಕಲೆಬ್ಬಿಸುತ್ತಾರೆ’ ಎಂಬ ಸುದ್ದಿ ಮಾತ್ರ. ಆಮೇಲೆ ಬಂದ ಕಸ್ತೂರಿರಂಗನ್ ವರದಿಯನ್ನು ರಾಜ್ಯ ಸಚಿವ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ಮತ್ತೊಮ್ಮೆ ತಿರಸ್ಕರಿಸಿತು. ವರದಿ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ವರದಿಯಲ್ಲಿ ಇರುವುದೇನು ಎಂದು ತಿಳಿಯುವ ಮುಂಚೆಯೇ ಒಂದು ಸೀಮೆಯ ಜನ ಪರ-ವಿರೋಧದ ಬಣಗಳಾಗಿ ಒಡೆದರು ಎಂಬುದೇ ನಮ್ಮ ಆತಂಕ. 2025ರಲ್ಲೂ ಅದೇ ಮರುಕಳಿಸಿತು. ಹುಲಿಗಳ ಸಾವಿನ ನಂತರ ಜುಲೈನಲ್ಲಿ ಕಾಡಿನಲ್ಲಿ ದನ ಮೇಯಿಸುವುದನ್ನು ನಿಷೇಧಿಸಲು ಅರಣ್ಯ ಸಚಿವರ ಸೂಚನೆ ಹೊರಟಿತು, ರೈತ ಸಂಘಟನೆಗಳು ಸಿಡಿದೆದ್ದವು. ಸಫಾರಿ ವಾಹನಗಳ ಗದ್ದಲದಿಂದಲೇ ಹುಲಿ ಹೊರಬರುತ್ತಿದೆ ಎಂಬ ವಾದ ಎದ್ದಿತು, ಸಫಾರಿ ನಿಂತಿತು. ಊರಿನವರನ್ನು, ವಿಜ್ಞಾನಿಗಳನ್ನು, ಅಧಿಕಾರಿಗಳನ್ನು ಎದುರುಬದುರು ಕೂರಿಸಿ ಎರಡೂ ಪ್ರಶ್ನೆಗಳನ್ನು ಬಿಚ್ಚಿ ಮಾತನಾಡುವ ವೇದಿಕೆ ಮಾತ್ರ ಏರ್ಪಡಲಿಲ್ಲ.

ಮಾತಿನಿಂದ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಮುಂಬೈ ಕಡೆ ನೋಡಲಿ. ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಸುತ್ತ 2002ರಿಂದ 2004ರ ನಡುವೆ ಚಿರತೆ ದಾಳಿಗೆ ಹಲವರು ಸತ್ತರು. ಸಿಕ್ಕ ಸಿಕ್ಕ ಚಿರತೆಯನ್ನು ಹಿಡಿದು ಬೇರೆ ಕಡೆ ಬಿಡುವುದೇ ಆಗಿನ ಕ್ರಮ. ಹಾಗೆ ಬಿಟ್ಟ ಜಾಗಗಳ ಸುತ್ತ ದಾಳಿ ಹೆಚ್ಚಾಗುತ್ತದೆ ಎಂಬುದನ್ನು ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಮಹಾರಾಷ್ಟ್ರದ ಜುನ್ನರ್ ಸೀಮೆಯ ಅಧ್ಯಯನದಲ್ಲಿ ತೋರಿಸಿಕೊಟ್ಟರು. 2011ರಲ್ಲಿ ಅಲ್ಲಿನ ಅರಣ್ಯ ಇಲಾಖೆ ತಜ್ಞರನ್ನೂ ನಾಗರಿಕರನ್ನೂ ಸೇರಿಸಿಕೊಂಡು ಹೊಸ ದಾರಿ ಹಿಡಿಯಿತು. ಗೃಹ ಸಂಕೀರ್ಣಗಳಿಗೆ, ಕೊಳೆಗೇರಿಗಳಿಗೆ, ಪೊಲೀಸ್ ಠಾಣೆಗಳಿಗೆ, ಪತ್ರಕರ್ತರ ಬಳಿಗೆ ಹೋಗಿ ಮಾತನಾಡಿತು. ಕಸ ರಾಶಿ ಹಾಕಿದರೆ ನಾಯಿ ಬರುತ್ತದೆ, ನಾಯಿ ಬಂದರೆ ಚಿರತೆ ಬರುತ್ತದೆ, ಕತ್ತಲಲ್ಲಿ ಮಕ್ಕಳನ್ನು ಒಂಟಿಯಾಗಿ ಹೊರಗೆ ಬಿಡಬೇಡಿ, ಚಿರತೆ ಕಂಡರೆ ಗುಂಪು ಕಟ್ಟಬೇಡಿ. ಹೇಳಿದ್ದು ಇಷ್ಟೇ ಸರಳ ಮಾತು, ಆದರೆ ಎದುರು ನಿಂತು ಹೇಳಿದರು. ಅಲ್ಲಿ ಚಿರತೆ ಇಂದಿಗೂ ಇದೆ, ದೇಶದ ಅತಿ ದಟ್ಟ ಜನವಸತಿಯೂ ಇದೆ. ಆ ದಿನಗಳ ಸಾವಿನ ಸರಣಿ ಮಾತ್ರ ಮರುಕಳಿಸಲಿಲ್ಲ.

ದೂರ ಹೋಗುವುದೇ ಬೇಡ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಮನೆಯಂಗಳದ ಹುಣಿಸೆ ಮರಗಳ ಮೇಲೆ ಗೂಡು ಕಟ್ಟುತ್ತವೆ. ಹಿಕ್ಕೆ ಬಿದ್ದು ಹುಣಿಸೆ ಫಸಲು ಕೆಡುತ್ತದೆ. 1976ರಲ್ಲಿ ಅಲ್ಲಿಗೆ ಹೋದ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಊರವರೊಂದಿಗೆ ಕೂತು ಮಾತನಾಡಿದರು, ಹಕ್ಕಿ ಕೂರುವ ಮರಕ್ಕೆ ಪರಿಹಾರ ಕೊಡುವ ಏರ್ಪಾಟು ಮಾಡಿಸಿದರು. ಆ ಊರು ಇಂದಿಗೂ ಹಕ್ಕಿಗಳನ್ನು ತನ್ನವೆಂದೇ ಕಾಣುತ್ತದೆ. ಬಂಡೀಪುರದ ಅಂಚಿನಲ್ಲಿ ಕೃಪಾಕರ–ಸೇನಾನಿ ತಾವು ಕಾಡುನಾಯಿಗಳ ಚಿತ್ರ ತೆಗೆಯುತ್ತಿದ್ದ ಸೀಮೆಯ ಹಳ್ಳಿಗರ ಸೌದೆಯ ಕಷ್ಟ ಕೇಳಿಸಿಕೊಂಡು, ‘ನಮ್ಮ ಸಂಘ’ದ ಮೂಲಕ ಅಡುಗೆ ಅನಿಲ ತಲುಪಿಸಿದರು. ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ 2018ರಿಂದ ‘ವೈಲ್ಡ್ ಶಾಲೆ’ಯ ಮೂಲಕ ಕಾಡಂಚಿನ ಶಾಲೆಗಳಿಗೆ ಹೋಗುತ್ತಿದೆ. ಹೇಳುವವರು ಹೋದ ಕಡೆಯಲ್ಲೆಲ್ಲ ಕೇಳುವವರು ಸಿಕ್ಕಿದ್ದಾರೆ. ರಾತ್ರಿಯಿಡೀ ಕಂಸಾಳೆಯವರ ಮಾದಪ್ಪನ ಕಥೆ ಕೇಳುವ ಜನ, ಕರಾವಳಿ–ಮಲೆನಾಡಿನಲ್ಲಿ ತಾಳಮದ್ದಳೆಯ ಅರ್ಥಗಾರಿಕೆಗೆ ಬೆಳಗಿನ ತನಕ ಕೂರುವ ಜನ ನಮ್ಮವರು. ‘ಈಗಿನವರಿಗೆ ಮಾತು ಕೇಳುವ ತಾಳ್ಮೆ ಇಲ್ಲ’ ಎಂಬ ನೆಪವನ್ನು ನಾವು ಒಪ್ಪುವುದಿಲ್ಲ.

ಹಾಗಾದರೆ ಬಲ್ಲವರು ಯಾಕೆ ಬಾಯಿ ಮುಚ್ಚಿದ್ದಾರೆ? ಸರ್ಕಾರಿ ನೌಕರನಿಗೆ ಮೇಲಧಿಕಾರಿಯ ಅನುಮತಿಯ ಭಯ. ಕಾಡಿನಲ್ಲಿ ಸಂಶೋಧನೆ ಮಾಡುವವನಿಗೆ ಮುಂದಿನ ವರ್ಷದ ಪರವಾನಗಿಯ ಭಯ. ಕಹಿಸತ್ಯ ಹೇಳಿದರೆ ಒಂದು ಕಡೆಯವರು ‘ರೈತವಿರೋಧಿ’ ಎನ್ನುತ್ತಾರೆ, ಇನ್ನೊಂದು ಕಡೆಯವರು ‘ಕಾಡುದ್ರೋಹಿ’ ಎನ್ನುತ್ತಾರೆ, ಫೇಸ್‌ಬುಕ್ಕಿನಲ್ಲಿ ಹರಾಜು ಹಾಕುತ್ತಾರೆ. ವಿಜ್ಞಾನಿಯ ಬಡ್ತಿಗೆ ಲೆಕ್ಕವಾಗುವುದು ವಿದೇಶಿ ಪತ್ರಿಕೆಯ ಪ್ರಬಂಧ. ಹನೂರಿನ ಹೈಸ್ಕೂಲಿನಲ್ಲಿ ಮಾಡಿದ ಭಾಷಣ ಯಾವ ಲೆಕ್ಕಕ್ಕೂ ಇಲ್ಲ. ದೇಶದ ಮಟ್ಟದಲ್ಲೂ ಇದೇ ಕಥೆ. 1952ರಲ್ಲಿ ಮೈಸೂರಿನಲ್ಲಿ ಸೇರಿದ ಆ ಮಂಡಳಿಯ ಉತ್ತರಾಧಿಕಾರಿಯಾದ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಪೂರ್ಣ ಸಭೆ 2012ರ ನಂತರ ನಡೆದದ್ದು 2025ರ ಮಾರ್ಚ್ 3ರಂದು. ನಡುವಿನ ವರ್ಷಗಳಲ್ಲಿ ಯೋಜನೆಗಳಿಗೆ ಒಪ್ಪಿಗೆ ಕೊಟ್ಟದ್ದೆಲ್ಲ ಸ್ಥಾಯಿ ಸಮಿತಿ. ಎದುರುಬದುರು ಕೂತು ಮಾತನಾಡುವ ಅಭ್ಯಾಸ ಮೇಲಿನಿಂದ ಕೆಳಗಿನವರೆಗೆ ತಪ್ಪಿಹೋಗಿದೆ.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ವೇದಿಕೆ ಎಂದರೆ ಪಟ್ಟಣದ ಪಂಡಿತನು ಹಳ್ಳಿಗನಿಗೆ ಬುದ್ಧಿ ಹೇಳುವ ಜಾಗವಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಅರಣ್ಯ ಹಕ್ಕನ್ನು 2011ರಲ್ಲಿ ಪಡೆದವರು. ಹಿಂದೆ ತಾವು ಹಾಕುತ್ತಿದ್ದ ತರಗು ಬೆಂಕಿ ನಿಂತ ಮೇಲೆ ಲಂಟಾನ ಕಾಡನ್ನು ನುಂಗಿತು ಎಂದು ಅವರು ಬಹಳ ಹಿಂದಿನಿಂದ ಹೇಳುತ್ತಿದ್ದಾರೆ. ಲಂಟಾನದ ಕೆಳಗೆ ಹುಲ್ಲು ಬೆಳೆಯದು, ಹುಲ್ಲಿಲ್ಲದ ಕಡೆ ಜಿಂಕೆ ಇರದು. ಈ ಮಾತನ್ನು ಸೋಲಿಗ ಹಿರಿಯನ ಬಾಯಿಂದಲೇ ನಾಡು ಕೇಳಬೇಕು. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದಲ್ಲಿ ಹುಲಿಗಳು ಸತ್ತಾಗ ಅಲ್ಲಿನ ಹೊರಗುತ್ತಿಗೆ ವಾಚರ್‌ಗಳಿಗೆ ತಿಂಗಳುಗಟ್ಟಲೆ ಸಂಬಳವಾಗಿರಲಿಲ್ಲ ಎಂಬುದು ವರದಿಯಾಗಿತ್ತು. ಆ ವಾಚರ್‌ಗೂ ಮೈಕು ಸಿಗಬೇಕು. ಹಸು ಕಳೆದುಕೊಂಡ ಹೆಣ್ಣುಮಗಳಿಗೂ ಸಿಗಬೇಕು. ಭಾಷಣದಿಂದ ಹೊಟ್ಟೆ ತುಂಬದು, ಪರಿಹಾರದ ಹಣ ಸಕಾಲಕ್ಕೆ ಕೈಸೇರದಿದ್ದರೆ ಯಾವ ಉಪನ್ಯಾಸಕನಿಗೂ ಊರಿನಲ್ಲಿ ಮರ್ಯಾದೆ ಉಳಿಯದು. ಮಾತು ಮತ್ತು ಪರಿಹಾರ ಎರಡೂ ಒಟ್ಟಿಗೆ ಹೋಗಬೇಕು.

ಸರ್ಕಾರದಿಂದ ನಾವು ಕೇಳುವುದು ದೊಡ್ಡ ಅನುದಾನವನ್ನಲ್ಲ. ಬರುವ ವನ್ಯಜೀವಿ ಸಪ್ತಾಹವನ್ನು ಜಿಲ್ಲಾ ಕೇಂದ್ರದ ಭವನಗಳಿಂದ ಕಾಡಂಚಿನ ಹೋಬಳಿಗಳಿಗೆ ವರ್ಗಾಯಿಸಿ. ಅಕ್ಟೋಬರ್ 2ರಿಂದ 8ರವರೆಗೆ ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ, ಭದ್ರಾ, ಕಾಳಿ, ಆನೆ ಕಾಟದ ಸಕಲೇಶಪುರ–ಆಲೂರು, ಇಲ್ಲೆಲ್ಲ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಒಂದು ಸಂಜೆ, ಕನ್ನಡದಲ್ಲಿ ಒಂದು ಗಂಟೆ ಮಾತು, ಒಂದು ಗಂಟೆ ಪ್ರಶ್ನೋತ್ತರ ಇರಲಿ. ಹಾರ ಬೇಡ, ಉದ್ಘಾಟನೆ ಬೇಡ. ನಮ್ಮ ಕಾಡಿನಲ್ಲಿ ಸಂಶೋಧನೆಗೆ ಅನುಮತಿ ಪಡೆಯುವ ಪ್ರತಿಯೊಬ್ಬರೂ ತಾವು ಕಂಡದ್ದನ್ನು ಅಲ್ಲಿನ ಊರಿಗೆ ಕನ್ನಡದಲ್ಲಿ ಹೇಳಬೇಕು ಎಂಬುದು ಪರವಾನಗಿಯ ಷರತ್ತಾಗಲಿ. ಮಾತನಾಡಲು ಬರುವವರಿಗೆ ಪ್ರಯಾಣದ ಖರ್ಚು, ಗೌರವಧನ ಸಿಗಲಿ. ಇಲಾಖೆಯಲ್ಲಿ ಚೆನ್ನಾಗಿ ಮಾತನಾಡಬಲ್ಲ ಗಾರ್ಡ್, ವಾಚರ್‌ಗಳಿಗೆ ಅನುಮತಿಯ ಕಿರಿಕಿರಿ ಇಲ್ಲದೆ ಜನರೆದುರು ನಿಲ್ಲುವ ಅವಕಾಶ ಸಿಗಲಿ.

ವಿಜ್ಞಾನಿಗಳಿಗೆ, ಛಾಯಾಗ್ರಾಹಕರಿಗೆ, ನಿವೃತ್ತ ಅರಣ್ಯಾಧಿಕಾರಿಗಳಿಗೆ ನಮ್ಮ ಕೋರಿಕೆ ಒಂದೇ. ನಿಮ್ಮಲ್ಲಿರುವುದು ಈ ನಾಡಿನ ಕಾಡು ಕೊಟ್ಟ ಜ್ಞಾನ. ಇಂಗ್ಲಿಷಿನ ಸಭಾಂಗಣದಿಂದ ಇಳಿದು ಹೋಬಳಿ ಶಾಲೆಯ ಜಗಲಿಗೆ ಬನ್ನಿ. ಬೈಗುಳ ಬಂದರೂ ಕೇಳಿಸಿಕೊಳ್ಳಿ, ನಿಮಗೆ ಗೊತ್ತಿರುವುದನ್ನು ಅಂಜದೆ ಹೇಳಿ.

ಓದುಗರೇ, ನೀವು ಶಾಲಾ ಶಿಕ್ಷಕರಾಗಿರಬಹುದು, ಎಸ್‌ಡಿಎಂಸಿ ಸದಸ್ಯರಾಗಿರಬಹುದು, ಹಾಲಿನ ಸಂಘದ ಕಾರ್ಯದರ್ಶಿಯಾಗಿರಬಹುದು, ಯುವಕ ಸಂಘ ನಡೆಸುತ್ತಿರಬಹುದು. ಸರ್ಕಾರ ಮಾಡಲಿ ಎಂದು ಕಾಯಬೇಡಿ. ನಿಮ್ಮ ಸೀಮೆಯಲ್ಲಿ ಕಾಡನ್ನು ಬಲ್ಲವರೊಬ್ಬರು ಖಂಡಿತ ಇದ್ದಾರೆ. ಈ ಅಕ್ಟೋಬರ್‌ನಲ್ಲಿ ಅವರನ್ನು ನಿಮ್ಮೂರಿಗೆ ಕರೆಸಿ, ಎರಡು ಗಂಟೆ ಬಿಡುವು ಮಾಡಿಕೊಂಡು ಮುಂದಿನ ಸಾಲಿನಲ್ಲಿ ಕೂತು ಕೇಳಿ, ನಿಮ್ಮ ಮಕ್ಕಳನ್ನೂ ಕರೆತನ್ನಿ.